ಹಗೇವಿನ ಗಾಳಿ, ಜೋಳದ ಬಾಯಾರಿಕೆ

ಜೋಳದ ಗಿಡ ಎಷ್ಟು ನೀರು ಕುಡಿಯುತ್ತದೆ ಎಂದು ತಿಳಿಯಲು ನಮ್ಮ ಕಾಲದಲ್ಲಿ ಇದ್ದದ್ದು ಒಂದೇ ದಾರಿ. ಅದನ್ನು ತೂಗುವುದು. ಬಕೆಟ್‌ನಲ್ಲಿ ಎರೆಮಣ್ಣು ತುಂಬಿ, ಗಿಡ ಬೆಳೆಸಿ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತಕ್ಕಡಿಗೆ ಏರಿಸುತ್ತಿದ್ದೆವು. ಮಣ್ಣಿನಿಂದ ನೀರು ಆರಿಹೋಗಲು ದಾರಿಯಿಲ್ಲದ್ದರಿಂದ ತೂಕ ಎಷ್ಟು ಇಳಿಯಿತೋ ಅಷ್ಟು ನೀರು ಎಲೆಗಳ ಮೂಲಕ ಹೋಗಿದೆ ಎಂದು ಲೆಕ್ಕ. ಈಗ ಕೆಲಸಕ್ಕೆ ಸೇರುವವರು ಎಲೆಗೆ ಒಂದು ಸಣ್ಣ ಚಿಮಟ ಕಚ್ಚಿಸಿ ಪರದೆಯ ಮೇಲೆ ಅಂಕಿ ಓದಿಕೊಳ್ಳುತ್ತಾರೆ. ಒಳ್ಳೆಯದೇ. ನಮಗೆ ಸೊಂಟ ಹಿಡಿಯುತ್ತಿತ್ತು, ಆದರೆ ಯಾವ ಗಿಡ ಎಷ್ಟು ಕುಡುಕ ಎಂಬುದು ತೋಳಿಗೆ ಗೊತ್ತಿರುತ್ತಿತ್ತು.

ಕೃಷಿ ಪದವಿ ಮುಗಿಸಿ ಆಳಂದದ ಹೊರಗಿನ ಜೋಳದ ಸಂಶೋಧನಾ ಕ್ಷೇತ್ರಕ್ಕೆ ನಾನು ಸಹಾಯಕನಾಗಿ ಸೇರಿದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ. ಬಡ್ತಿ, ವರ್ಗಾವಣೆಗಳ ಕಥೆ ಯಾರಿಗೂ ಬೇಕಿಲ್ಲ. ಕೆಲಸ ಹೇಗಿತ್ತು ಎಂದು ಕೇಳುವವರಿಗೆ ಮೊದಲು ನರೋಣಾದ ಅಜ್ಜಿಯ ಸಂಗತಿ ಹೇಳಬೇಕು.

ಒಂದು ವರ್ಷ ನಮ್ಮ ಬಕೆಟ್ಟುಗಳನ್ನು ನರೋಣಾದ ಶಾಲೆಯ ಹಿಂದಿನ ಬಯಲಿನಲ್ಲಿ ಇಟ್ಟಿದ್ದೆವು. ಬಾಯಾರಿದ ಗಿಡ ನೀರನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂದು ನೋಡಲು ಅರ್ಧದಷ್ಟು ಬಕೆಟ್ಟುಗಳಿಗೆ ನೀರು ನಿಲ್ಲಿಸಿದ್ದೆವು. ಆ ಗಿಡಗಳು ಬಾಡಬೇಕಿತ್ತು, ಬಾಡಲಿಲ್ಲ. ತೂಕ ಇಳಿಯುವ ಬದಲು ಏರುತ್ತಿತ್ತು. ತಕ್ಕಡಿ ಕೆಟ್ಟಿದೆ ಎಂದು ಆಳಂದದ ಅಡತಿ ಅಂಗಡಿಯಿಂದ ಬೇರೆ ತಕ್ಕಡಿ ತಂದೆ. ಅದೂ ಅದನ್ನೇ ಹೇಳಿತು. ಕೊನೆಗೆ ಗೊತ್ತಾಯಿತು, ಪಕ್ಕದ ಮನೆಯ ಅಜ್ಜಿ ದಿನಾ ನಸುಕಿನಲ್ಲಿ ಎದ್ದು ಪ್ಲಾಸ್ಟಿಕ್ ಹಾಳೆ ಸರಿಸಿ ನೀರು ಹಾಕುತ್ತಿದ್ದಳು.

"ನೀವೆಂಥಾ ಮನಷಾರಪಾ?" ಅಂದಳು ಕೇಳಿದಾಗ. "ದಿನಾ ಎತ್ತಿ ಎತ್ತಿ ತೂಗ್ತೀರಿ, ಒಂದ್ ಚೆರಿಗಿ ನೀರ್ ಹಾಕಂಗಿಲ್ಲ. ಕೂಸಿಗೆ ಹಾಲ್ ಕೊಡದ ಬರೇ ತೂಕ ನೋಡಿದ್ರ ಏನ್ ಬಂತು?"

ನಮ್ಮ ಮೇಲಧಿಕಾರಿ ಗುರುನಾಥ ಸಾಹೇಬರು ಜೊತೆಗಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಅಜ್ಜಿಯ ಕಟ್ಟೆಯ ಮೇಲೆ ಕುಳಿತು, "ಯವ್ವಾ, ಆಗಿದ್ದು ಆತು. ಎಷ್ಟ ಚೆರಿಗಿ ಹಾಕೀದಿ, ಅಷ್ಟಾದ್ರೂ ನೆನಪ ಮಾಡಿ ಹೇಳು" ಅಂದರು.

"ಯಾರ್ ಎಣಸ್ಯಾರೋ ಯಪ್ಪಾ? ನೀರ ಎಣಿಸಿ ಹಾಕಿದ್ರ ಪುಣ್ಯ ಬರ್ತದೇನು?"

ಒಂದು ಹಂಗಾಮಿನ ಕೆಲಸ ಹೋಯಿತು. ಸಾಹೇಬರು ಹಿಂತಿರುಗುವಾಗ ದಾರಿಯುದ್ದಕ್ಕೂ ನಕ್ಕರು. ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದು: ಪ್ರಯೋಗ ಶುರು ಮಾಡುವ ಮೊದಲು ನೆರೆಮನೆಯವರ ಜೊತೆ ಚಹಾ ಕುಡಿಯಿರಿ.

ಗುರುನಾಥ ಸಾಹೇಬರು ಅಫಜಲಪುರ ಸೀಮೆಯವರು. ದೊಡ್ಡ ಓದು ಓದಿ, ದೂರದ ಊರುಗಳಲ್ಲಿ ಇದ್ದು, ವರ್ಗಾವಣೆ ಬೇಡಿ ಪಡೆದು ಈ ಬಿಸಿಲಿಗೆ ಮರಳಿದವರು. ದಪ್ಪ ಆಳು. ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇದ್ದರೆ ಯಾವ ಹೊಲದ ಬದುವಿನಲ್ಲಾದರೂ ಕುಳಿತುಬಿಡುತ್ತಿದ್ದರು. ಸಿಟ್ಟು ಬಂದರೆ ನನ್ನನ್ನು 'ಲೇ ಪದವೀಧರಾ' ಎಂದು ಕರೆಯುತ್ತಿದ್ದರು. ಅವರದೊಂದು ಅಭ್ಯಾಸವಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಜೋಳದ ಎಲೆಯನ್ನು ಬಾಗಿಸಿ ಕೆನ್ನೆಗೆ ಒತ್ತಿಕೊಳ್ಳುವರು. ತಣ್ಣಗಿದ್ದರೆ ಗಿಡ ನೀರು ಬಿಡುತ್ತಿದೆ, ಬೆಚ್ಚಗಿದ್ದರೆ ಬಾಯಿ ಮುಚ್ಚಿಕೊಂಡಿದೆ. ಎಲೆಯ ಶಾಖ ಅಳೆಯುವ ಥರ್ಮಾಮೀಟರ್ ಬರುವ ಮೊದಲು ನಾನೂ ಅದನ್ನೇ ಕಲಿತೆ. ಎಲೆಯಂಚಿನ ಗೀರುಗಳು ಆ ಕಾಲದಲ್ಲಿ ನಮ್ಮಿಬ್ಬರ ಕೆನ್ನೆಯ ಮೇಲೂ ಇರುತ್ತಿದ್ದವು.

ಎಂಬತ್ತರ ದಶಕದಲ್ಲಿ ಅವರ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು. ಜಗತ್ತಿನಲ್ಲಿ ಕಲ್ಲಿದ್ದಲು, ಎಣ್ಣೆ ಉರಿಸಿ ಉರಿಸಿ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ನಮ್ಮ ಹಿಂಗಾರಿ ಜೋಳ ಮಳೆ ನಿಂತ ಮೇಲೆ ಎರೆಮಣ್ಣಿನ ಹಸಿಯನ್ನೇ ನಂಬಿ ನಿಲ್ಲುವ ಬೆಳೆ. ಮೊಮ್ಮಕ್ಕಳ ಕಾಲದ ಗಾಳಿಯಲ್ಲಿ ಅದು ಎಷ್ಟು ನೀರು ಕುಡಿದೀತು?

ಅತನೂರಿನ ರೈತ ಶರಣಪ್ಪನಿಗೆ ಅವರು ಇದನ್ನು ವಿವರಿಸಿದ್ದು ನೆನಪಿದೆ. ಶರಣಪ್ಪ ನಮ್ಮ ಬೀಜಗಳನ್ನು ಮೊದಲು ಬಿತ್ತಿ ನೋಡುತ್ತಿದ್ದವನು, ಸಾಹೇಬರ ಓರಗೆಯವನು. "ಎಲಿಗೆ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಬಾಯಿ ಇರ್ತಾವು. ಗಾಳಿ ಉಣ್ಣಾಕ ಬಾಯಿ ತೆರೀತದ. ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗ್ತದ. ಗಾಳ್ಯಾಗ ಅದರ ಊಟ ಜಾಸ್ತಿ ಇತ್ತಂದ್ರ ಬಾಯಿ ಜರಾ ತೆರೆದ್ರ ಸಾಕು, ಹೊಟ್ಟಿ ತುಂಬ್ತದ. ನೀರು ಉಳೀತದ."

ಶರಣಪ್ಪ ಯೋಚಿಸಿದ. "ಅಂದ್ರ ನಾವು ಮಾತಾಡಿದ್ದು ಕಡಿಮಿ ಆದ್ರ ಉಗುಳು ಉಳದಂಗ."

"ಹಂಗ ತಿಳಕೊ. ಮೊದಲ ನಿನಗ ಅದರ ಅಭ್ಯಾಸ ಮಾಡಸ್ಬೇಕು."

ಶರಣಪ್ಪನ ಅತ್ತಿಗೆ ನೀಲಮ್ಮ ಒಳಗಿನಿಂದ ಕೇಳಿದಳು. ಅಣ್ಣ ತೀರಿಕೊಂಡ ಮೇಲೆ ಆ ಮನೆಯ ಹೊಲ, ದನ, ಕಾಳು ಎಲ್ಲ ಅವಳ ಹಿಡಿತದಲ್ಲಿದ್ದವು. "ನೀರು ಉಳೀತು ಖರೇ. ತೆನಿ ದೊಡ್ಡದು ಆಗ್ತದೇನ್ರಿ?"

ಸಾಹೇಬರು ಸುಳ್ಳು ಹೇಳುವವರಲ್ಲ. ಜೋಳದ ಎಲೆ ಆ ಗಾಳಿಯನ್ನು ಮೊದಲೇ ಒಳಗೆ ದಟ್ಟಮಾಡಿ ಇಟ್ಟುಕೊಳ್ಳುವ ಜಾತಿ, ಹೊರಗೆ ಹೆಚ್ಚಿದರೂ ಅದು ಬಹಳ ಬೆಳೆಯಲಾರದು, ಉಳಿದ ನೀರು ತೆನೆ ಹಾಲುಗಟ್ಟುವಾಗ ಆಸರೆಯಾದರೆ ಅಷ್ಟೇ ಲಾಭ ಎಂದರು. ಜೊತೆಗೆ, ನೀರು ಬಿಡದ ಎಲೆ ಕಾದು ಬಿಸಿಯಾಗುತ್ತದೆ, ಹವೆಯೂ ಬಿಸಿಯಾದರೆ ಆ ಲಾಭವೂ ಕೈಬಿಡಬಹುದು ಎಂದು ಸೇರಿಸಿದರು. ಆಮೇಲೆ ಸಾಧನಗಳು ಎಷ್ಟೋ ಬಂದವು, ನಾವು ಅದಕ್ಕಿಂತ ಬೇರೆ ಏನನ್ನೂ ಕಂಡುಹಿಡಿಯಲಿಲ್ಲ.

ಪ್ರಯೋಗಕ್ಕೆ ಆ ಗಾಳಿ ಬೇಕಲ್ಲ? ಸಿಲಿಂಡರ್ ಕೇಳಿದರೆ ಮೇಲಿನ ಕಚೇರಿ ಉತ್ತರವನ್ನೇ ಕೊಡಲಿಲ್ಲ. ಆಗ ಸಾಹೇಬರಿಗೆ ಹಗೇವು ನೆನಪಾಯಿತು.

ಈಗಿನವರು ಹಗೇವು ನೋಡಿರಲಾರರು. ನೆಲದಡಿಯಲ್ಲಿ ಗಡಿಗೆಯ ಆಕಾರದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ ಜೋಳ ತುಂಬುವ ಕಣಜ ಅದು. ಹೊಟ್ಟೆ ಅಗಲ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಕಾಳೂ ಜೀವವೇ, ಕತ್ತಲಲ್ಲಿ ಉಸಿರಾಡುತ್ತದೆ. ಉಸಿರಾಡಿ ಉಸಿರಾಡಿ ಒಳಗಿನ ಗಾಳಿಯನ್ನು ಮುಗಿಸಿ ನಮಗೆ ಬೇಕಿದ್ದ ಆ ಭಾರವಾದ ಗಾಳಿಯನ್ನು ತುಂಬಿಡುತ್ತದೆ. ಅದರಿಂದಲೇ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಅದರಿಂದಲೇ ಮನುಷ್ಯರೂ ಸಾಯುತ್ತಾರೆ. ಆದ್ದರಿಂದ ಹಗೇವು ತೆರೆದವರು ಬಹಳ ಹೊತ್ತು ಹಾಗೇ ಬಿಡುತ್ತಾರೆ, ಬೇವಿನ ಟೊಂಗೆ ಬಿಟ್ಟು ಗಾಳಿ ಕಲಕುತ್ತಾರೆ, ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ಇಳಿಸುತ್ತಾರೆ. ಆರಿದರೆ ಇಳಿಯುವುದಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಸಾಹೇಬರ ಮನೆಯಲ್ಲೂ ಹಗೇವು ಇತ್ತು.

ಶರಣಪ್ಪನ ಹಿತ್ತಲಿನ ಹಗೇವಿನಲ್ಲಿ ಅರ್ಧ ತೆಗೆದು ಉಳಿದ ಜೋಳ ಹಸಿ ಹಿಡಿದು ವಾಸನೆ ಬಂದಿತ್ತು. ದನಕ್ಕಲ್ಲದೆ ಬೇರೆಯದಕ್ಕೆ ಬಾರದು. ಅದನ್ನು ನಮಗೆ ಬಿಟ್ಟುಕೊಟ್ಟ. ಮುಚ್ಚಿದ ಕಲ್ಲಿನ ಸಂದಿಯಿಂದ ಒಂದು ರಬ್ಬರ್ ಪೈಪು ಇಳಿಸಿ, ಅದರ ತುದಿಯನ್ನು ಒಳಗೋಡೆಯ ಗೂಟಕ್ಕೆ ಕಟ್ಟಿದೆವು. ಮೇಲೆ ಕಮ್ಮಾರರು ಕುಲುಮೆಗೆ ಬಳಸುವ, ಕೈಯಿಂದ ತಿರುಗಿಸುವ ಪಂಖ. ಬಿದಿರು ಕಟ್ಟಿ, ತಿಳಿ ಪ್ಲಾಸ್ಟಿಕ್ ಹೊದಿಸಿ ಎರಡು ಗೂಡು ಮಾಡಿ ಒಳಗೆ ಜೋಳದ ಬಕೆಟ್ಟು ಇಟ್ಟೆವು. ಒಂದಕ್ಕೆ ಬರೀ ಗಾಳಿ, ಇನ್ನೊಂದಕ್ಕೆ ಹಗೇವಿನ ಗಾಳಿಯನ್ನು ಚೂರು ಬೆರೆಸಿದ್ದು. ಊರವರು ಸೊಳ್ಳೆಪರದೆಗೆ ಹೋಲಿಸಿ ಅದನ್ನು 'ಜ್ವಾಳದ ಮಚ್ಚರದಾನಿ' ಎಂದು ಕರೆದರು. ಒಳಗೆ ಆ ಗಾಳಿ ಎಷ್ಟಿದೆ ಎಂದು ನೋಡಲು ಸುಣ್ಣದ ತಿಳಿನೀರಿನಲ್ಲಿ ಗುಳ್ಳೆ ಹಾಯಿಸುತ್ತಿದ್ದೆವು. ನೀರು ಹಾಲಿನಂತಾದರೆ ಇದೆ ಎಂದು. ಸುಣ್ಣ ನೀಲಮ್ಮನ ಎಲೆ ಅಡಿಕೆಯ ಡಬ್ಬಿಯದು.

ಆ ವಾರಗಳಷ್ಟು ಸಂತೋಷ ಮತ್ತೆ ನನ್ನ ನೌಕರಿಯಲ್ಲಿ ಬರಲಿಲ್ಲ. ಹಗೇವಿನ ಗಾಳಿ ಉಂಡ ಬಕೆಟ್ಟುಗಳ ತೂಕ ನಿಧಾನವಾಗಿ ಇಳಿಯುತ್ತಿತ್ತು. ಸಾಹೇಬರು ಎರಡೂ ಗೂಡುಗಳ ಎಲೆಯನ್ನು ಕೆನ್ನೆಗೆ ಒತ್ತಿಕೊಂಡು, "ಲೇ ಪದವೀಧರಾ, ಇದು ಬೆಚ್ಚಗದ ನೋಡು, ಬಾಯಿ ಮುಚ್ಚೇದ" ಎಂದು ಕಣ್ಣರಳಿಸುವರು. ಶರಣಪ್ಪ ಪಂಖ ತಿರುಗಿಸುತ್ತ ಹಾಡು ಹೇಳುವನು. ನೀಲಮ್ಮ ಕಟಿರೊಟ್ಟಿ, ಮೊಸರು ಕಳಿಸುವಳು. ಇದರಲ್ಲಿ ಒಂದು ದೊಡ್ಡ ಸತ್ಯ ನಮಗೇ ಮೊದಲು ಕಾಣುತ್ತಿದೆ ಎಂಬ ಹುಚ್ಚು ನಮ್ಮೆಲ್ಲರಿಗೂ ಹಿಡಿದಿತ್ತು.

ಒಂದು ಮಧ್ಯಾಹ್ನ ಪಂಖ ತಿರುಗಿದರೂ ಗಾಳಿ ಬರಲಿಲ್ಲ. ಗೋಡೆಗೆ ಹಾಸಿದ್ದ ಹುಲ್ಲು ಕುಸಿದು ಪೈಪಿನ ಬಾಯಿಗೆ ಅಡರಿರಬೇಕು. ಎಳೆದರೆ ಗೂಟ ಬಿಡಲಿಲ್ಲ. ಯಾರಾದರೂ ಇಳಿದು ಬಿಡಿಸಬೇಕಿತ್ತು. ಶರಣಪ್ಪ ಕಲ್ಲು ಸರಿಸಿ, ಮನೆಯೊಳಗಿನಿಂದ ಕಂದೀಲು ಹಚ್ಚಿಕೊಂಡು ಬಂದ.

"ಬ್ಯಾಡ ಬ್ಯಾಡ" ಅಂದರು ಸಾಹೇಬರು. "ಕಂದೀಲು ಉರದ್ರ ಅದೂ ಅದೇ ಗಾಳಿ ಬಿಡ್ತದ. ಮ್ಯಾಲ ಮಸಿ ಬ್ಯಾರೆ. ನನ್ನ ಲೆಕ್ಕ ಕೆಡ್ತದ. ಬ್ಯಾಟ್ರಿ ಕಟ್ಟು."

ಅವರು ಹೇಳಿದ್ದು ರಸಾಯನಶಾಸ್ತ್ರದ ಪ್ರಕಾರ ಸರಿ. ಶರಣಪ್ಪ ಕಂದೀಲು ಪಕ್ಕಕ್ಕಿಟ್ಟು ಬ್ಯಾಟರಿ ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ನಾವು ಮೂವರೂ ಬಗ್ಗಿ ನೋಡಿದೆವು. ಬೆಳಕು ಇಳಿಯಿತು, ತಳದ ಜೋಳದ ರಾಶಿಯ ಮೇಲೆ ನಿಂತಿತು. ಆರಲಿಲ್ಲ.

ಇದನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ. ಬ್ಯಾಟರಿ ಆರುವುದಿಲ್ಲ ಎಂಬುದು ಗೊತ್ತಿಲ್ಲದವರು ಅಲ್ಲಿ ಯಾರಿದ್ದೆವು? ಒಬ್ಬರು ಆ ಗಾಳಿಯ ಬಗ್ಗೆಯೇ ಓದಿದವರು, ಒಬ್ಬ ಹುಟ್ಟಿನಿಂದ ಹಗೇವು ಇಳಿದವನು, ನಾನು ಪದವೀಧರ. ಆದರೆ ತಲೆಮಾರುಗಳಿಂದ ಮೈಯಲ್ಲಿ ಇಳಿದ ರೂಢಿ ಒಂದೇ ಮಾತು ಹೇಳುತ್ತದೆ: ದೀಪ ಇಳಿಸು, ದೀಪ ನಿಂತರೆ ನೀನೂ ಇಳಿ. ದೀಪ ನಿಂತಿತ್ತು. ಮೂವರ ಹೆಗಲೂ ಸಡಿಲವಾದವು. ಶರಣಪ್ಪ "ಬರೋಬ್ಬರಿ ಅದ" ಅಂದ. ಅವನ ಆ ಮಾತಿಗೆ ನಾನು ಬೇರೆ ಏನಾದರೂ ಅಂದಿದ್ದರೆ ಎಂದು ಈಗಲೂ ಬಸ್ಸಿನಲ್ಲಿ, ಊಟದ ನಡುವೆ ನನ್ನ ಬಾಯಿ ತಾನೇ ತೆರೆದುಕೊಳ್ಳುತ್ತದೆ.

ಪೈಪು ಹಾಳಾಗದಂತೆ ತಾನೇ ಬಿಡಿಸುತ್ತೇನೆ ಎಂದು ಸಾಹೇಬರು ಅಂಗಿ ಕಳಚಿದರು. ಬನಿಯನ್ನಿನ ಕೆಳಗಿನ ಹೊಟ್ಟೆ ನೋಡಿ ಶರಣಪ್ಪ, "ಇಳಿಯೂದು ಇಳೀತೀರಿ ಸಾಹೇಬ್ರ, ಹತ್ತಾಕ ಎತ್ತು ಹೂಡಬೇಕಾಗ್ತದ. ಹಗ್ಗ ಕಟ್ಕೋರಿ" ಅಂದ. ಸಾಹೇಬರು ನಗುತ್ತ ಬಗಲಿಗೆ ಹಗ್ಗ ಕಟ್ಟಿಸಿಕೊಂಡರು. ಅವರ ಜೀವ ಉಳಿದದ್ದು ಆ ಚೇಷ್ಟೆಯಿಂದ.

ಇಳಿದು ನಿಂತಾಗ ಅವರ ತಲೆ ಹಗೇವಿನ ಕೊರಳಿಗೆ ಹತ್ತಿರವೇ ಇತ್ತು. ಅಷ್ಟು ಮೇಲಿನ ಗಾಳಿ ಹೊರಗಿನದರೊಡನೆ ಬೆರೆತಿತ್ತು. ಚೆನ್ನಾಗಿಯೇ ಮಾತಾಡುತ್ತಿದ್ದರು. "ಇಲ್ಲಿ ತಂಪದ. ಮ್ಯಾಲಿಗಿಂತ ಇಲ್ಲೇ ಆಫೀಸ್ ಮಾಡೋಣು" ಅಂದರು. ಆಮೇಲೆ ಗೂಟ ಹುಡುಕಲು ಬಗ್ಗಿದರು. "ಸಿಕ್ತು ನೋಡು. ಲೇ ಪದವೀಧರಾ, ಇದಕ್ಕ ಯಾವ..."

ಅಷ್ಟೇ. ಕೂಗಲಿಲ್ಲ, ಕೆಮ್ಮಲಿಲ್ಲ. ಮಾತು ಮುಗಿದಂತೆ ಕೂಡ ಅನಿಸಲಿಲ್ಲ, ಮುಂದಿನ ಶಬ್ದಕ್ಕಾಗಿ ನಾನು ಕಿವಿಗೊಟ್ಟು ಕಾಯುತ್ತಿದ್ದೆ. ಬ್ಯಾಟರಿಯ ಬೆಳಕಿನಲ್ಲಿ ಜೋಳದ ಮೇಲೆ ಅವರ ಅಂಗೈ ಬಿಚ್ಚಿ ಬಿದ್ದಿರುವುದು ಕಂಡಿತು.

ನಾನು ಕಾಲು ಇಳಿಬಿಟ್ಟೆ. ಶರಣಪ್ಪ ನನ್ನ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆ ಎಸೆದ. "ನೀ ಇಳದ್ರ ಎರಡು ಹೆಣ. ಹಗ್ಗ ಹಿಡಿ."

ಎಳೆದೆವು. ಸೋತ ಮೈ ಎಷ್ಟು ಭಾರವಿರುತ್ತದೆ ಎಂಬುದು ದಿನವೂ ತೂಗುತ್ತಿದ್ದ ನನಗೆ ಗೊತ್ತಿರಲಿಲ್ಲ. ಹಗೇವಿನ ಕೊರಳಿನ ಬುಡದವರೆಗೆ ಬಂತು, ಸಿಕ್ಕಿಕೊಂಡಿತು. ಒಂದು ತೋಳು ಅಡ್ಡಬಿದ್ದಿತ್ತು, ತಲೆ ಎದೆಯ ಮೇಲೆ ವಾಲಿತ್ತು. ಎಳೆದಷ್ಟೂ ಬಿಗಿಯಿತು. ಬಿಟ್ಟರೆ ಮತ್ತೆ ಆ ಗಾಳಿಯೊಳಗೆ.

ನೀಲಮ್ಮ ಓಡಿ ಬಂದದ್ದು ಆಗ. ಏನಾಯಿತು ಎಂದು ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆಯ ಮೇಲೆ ಮಲಗಿ, "ನನ್ನ ಕಾಲು ಹಿಡೀರಿ ಸಣ್ಣ ಸಾಹೇಬ್ರ" ಅಂದು, ದೊಡ್ಡ ಉಸಿರೆಳೆದು ಬಾಯಿ ಕಟ್ಟಿಕೊಂಡು ಸೊಂಟದವರೆಗೆ ತಲೆಕೆಳಗಾಗಿ ಇಳಿದಳು. ಊರಿನಲ್ಲಿ ಮುಖ ಎತ್ತಿ ಗಂಡಸರೊಡನೆ ಮಾತಾಡದಿದ್ದ ಹೆಂಗಸಿನ ಎರಡೂ ಕಾಲುಗಳನ್ನು ಎದೆಗೆ ಅವುಚಿಕೊಂಡು ನಾನು ಕೂತಿದ್ದೆ. ಹಗ್ಗ ಶರಣಪ್ಪ ಒಬ್ಬನ ಕೈಯಲ್ಲಿ. ಅವಳು ಒಮ್ಮೆ ಮೇಲೆ ಬಂದು ಉಸಿರು ತೆಗೆದುಕೊಂಡಳು, ಮತ್ತೆ ಇಳಿದಳು. ಆ ತೋಳನ್ನು ತಲೆಯ ಮೇಲಕ್ಕೆ ತಿರುಗಿಸಿದಳು. ಹೆಗಲು ಓರೆಯಾಗಿ ಹೊರಬಂತು.

ಬೇವಿನ ಕೆಳಗೆ ಮಲಗಿಸಿದೆವು. ತುಟಿ ಸೀಸದ ಬಣ್ಣ. ಕಾಲೇಜಿನ ಶಿಬಿರದಲ್ಲಿ ಕಲಿತಿದ್ದ ಹಾಗೆ ಬಾಯಿಗೆ ಬಾಯಿಟ್ಟು ಊದಿದೆ. ಊದುವಾಗ ನನಗೆ ಬಂದ ಯೋಚನೆ ವಿಚಿತ್ರ: ನಾನು ಊದುತ್ತಿರುವುದರಲ್ಲೂ ಅದೇ ಗಾಳಿ ಇದೆ. ಎಷ್ಟು ಹೊತ್ತಾಯಿತೋ, ಅವರ ಪಕ್ಕೆಲುಬು ತಾನೇ ಎದ್ದಿತು. ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟು ಬಹಳ ಹೊತ್ತು ಬೇವಿನ ಎಲೆಗಳನ್ನೇ ನೋಡಿದರು. ನೀಲಮ್ಮ ಮೊರದಿಂದ ಗಾಳಿ ಹಾಕುತ್ತಲೇ ಇದ್ದಳು, ಸಾಕೆಂದರೂ ನಿಲ್ಲಿಸಲಿಲ್ಲ.

ಗಾಡಿ ಹೂಡಿ ಅಫಜಲಪುರದ ಆಸ್ಪತ್ರೆಗೆ ಒಯ್ದೆವು. ಗುಣವಾದರು. ತಾನು ಏನು ಹೇಳಹೊರಟಿದ್ದೆ ಎಂಬುದು ಅವರಿಗೆ ಕೊನೆಗೂ ನೆನಪಾಗಲಿಲ್ಲ. "ಏನೋ ಬೈಯಾಕ ಇದ್ದೆ ನಿನಗ" ಎನ್ನುತ್ತಿದ್ದರು. ಪಂಚಮಿಗೆ ಅತನೂರಿಗೆ ಸೀರೆ, ಉಂಡಿ ಕೊಂಡುಹೋದರು. ಅಣ್ಣತಮ್ಮಂದಿರು ಕೊಡುವ ಹಾಗೆ ಕೊಟ್ಟರು. ನೀಲಮ್ಮ ತೆಗೆದುಕೊಂಡಳು. "ಸೀರಿ ಛಲೋ ಅದ" ಅಂದಳು ನೆಲ ನೋಡುತ್ತ. "ಆದ್ರ ಉಂಡಿ ನೀವು ತಿನ್ನಬ್ಯಾಡ್ರಿ." ಪ್ರತಿ ಪಂಚಮಿಗೂ ಸೀರೆ ಹೋಗುತ್ತಿತ್ತು. ಅವಳ ಕಾಲುಗಳನ್ನು ನಾನು ಹಿಡಿದಿದ್ದ ಸಂಗತಿಯನ್ನು ಆ ಊರಿನಲ್ಲಿ ಯಾರೂ ಎಂದೂ ಆಡಲಿಲ್ಲ.

ಪ್ರಯೋಗ ನಿಂತಿತು. ಶರಣಪ್ಪ ಆ ಹಗೇವನ್ನು ಮಣ್ಣು ಹಾಕಿ ಮುಚ್ಚಿದ. ನಮ್ಮ ಅಂಕಿಗಳು ಎಲ್ಲೂ ಅಚ್ಚಾಗುವಷ್ಟು ಗಟ್ಟಿಯಿರಲಿಲ್ಲ. ಒಂದೆರಡು ಗೂಡು, ಸುಣ್ಣದ ನೀರು, ಅಷ್ಟರಿಂದ ಯಾರು ಒಪ್ಪುತ್ತಾರೆ? ಸಾಹೇಬರು ನಿವೃತ್ತರಾಗುವವರೆಗೆ ಬೇರೆ ಕೆಲಸ ಮಾಡಿದರು, ಮನೆಯಲ್ಲಿ ನೆಮ್ಮದಿಯಾಗಿ ತೀರಿಕೊಂಡರು.

ತೊಂಬತ್ತರ ದಶಕದಲ್ಲಿ ನಾನು ಜೇವರ್ಗಿ ಕಡೆಯ ಕ್ಷೇತ್ರದಲ್ಲಿದ್ದೆ. ಅಷ್ಟರಲ್ಲಿ ಸಿಲಿಂಡರ್ ಬಂದಿತ್ತು, ಗಾಜಿನ ಗೂಡು ಬಂದಿತ್ತು, ಗಾಳಿಯನ್ನು ಅಳೆಯುವ ಯಂತ್ರ ಬಂದಿತ್ತು. ಸಾಹೇಬರ ಪ್ರಶ್ನೆ ಈಗ ಸರ್ಕಾರಿ ಪ್ರಶ್ನೆಯಾಗಿತ್ತು. ಕೆಲಸಕ್ಕೆ ಸುಜಾತಾ ಎಂಬ ಹುಡುಗಿ ಸೇರಿದಳು, ಜೇವರ್ಗಿಯವಳೇ, ಚುರುಕು. ಸೇರಿದ ಮರುದಿನ ಗಾಜಿನ ಗೂಡಿಗೆ ಆ ಗಾಳಿ ಬಿಟ್ಟು, ಯಂತ್ರ ನೋಡಿ, ಎಲೆ ಅಳೆಯಲು ಅವಳು ಬಾಗಿಲು ತೆರೆದು ಒಳಗೆ ಬಗ್ಗಿದಳು.

ನಾನು ಓಡಿಹೋಗಿ ಅವಳ ತೋಳು ಹಿಡಿದು ಹೊರಗೆಳೆದೆ. ಅವಳು ಬಿದ್ದಳು. ಮೊಣಕೈ ತರಚಿತು. ಕೂಲಿಯವರು ಕಳೆ ಕೀಳುವುದನ್ನು ಬಿಟ್ಟು ನೋಡತೊಡಗಿದರು.

"ಏನ್ ಮಾಡಾಕತ್ತೀರಿ ಸರ್?" ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟಿನ ನೀರು. "ಒಳಗ ಇರೂದು ಹೊರಗಿನದರ ಎರಡರಷ್ಟು ಅಷ್ಟೇ ಅದರಿ. ನಮ್ಮ ಉಸಿರ್ನಾಗ ಇದಕ್ಕಿಂತ ಎಷ್ಟೋ ಪಟ್ಟು ಇರ್ತದ. ನೀವೇ ನಿನ್ನೆ ಹೇಳಿದ್ರಿ."

ಹೇಳಿದ್ದೆ. ಮನುಷ್ಯನಿಗೆ ಏನೇನೂ ಅನಿಸದ ಅಷ್ಟು ವ್ಯತ್ಯಾಸ ಜೋಳದಂಥ ಹುಲ್ಲಿಗೆ ತಿಳಿಯುತ್ತದೆ, ಅದಕ್ಕೇ ಈ ಕೆಲಸ ಮಾಡುತ್ತೇವೆ ಎಂದು ನಾನೇ ಪಾಠ ಮಾಡಿದ್ದೆ. ಕಟ್ಟೆಯ ಮೇಲೆ ಕುಳಿತು ಅತನೂರಿನ ಸಂಗತಿ ಅವಳಿಗೆ ಹೇಳಿದೆ. ಅಲ್ಲಿಯವರೆಗೆ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಅರ್ಧಕ್ಕೆ ನಿಂತ ಆ ಮಾತಿನವರೆಗೆ ಬಂದು ನನಗೆ ಮುಂದೆ ಹೇಳಲಾಗಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ಮೊಣಕೈಯ ಮಣ್ಣು ಒರೆಸಿಕೊಂಡು, "ಎಲಿ ಅಳಿಯೂದು ಉಳದದರಿ ಸರ್" ಎಂದು ಎದ್ದಳು.

ಗೂಡಿನ ಬಾಗಿಲ ಬಳಿ ನಿಂತು ತಿರುಗಿ ನೋಡಿದಳು. ನಾನು ಕಟ್ಟೆಯಿಂದ ಎದ್ದು ನಿಂತಿದ್ದೆ. ಅವಳು ಒಳಗೆ ಹೋಗಿ ಬಗ್ಗಿದಳು. ಗಾಜಿಗೆ ಹಬೆ ಕಟ್ಟಿದ್ದರಿಂದ ಅವಳು ನನಗೆ ಕಾಣುತ್ತಿರಲಿಲ್ಲ.

"ಸರ್, ಮೊದಲನೇ ಗಿಡ, ಎಲಿ ಬೆಚ್ಚಗದರಿ" ಎಂಬ ದನಿ ಬಂತು. "ಎರಡನೇದಕ್ಕ ಕೆಳಗಿನ ಎಲಿ ಒಣಗ್ಯಾದ. ಸರ್, ನಮ್ಮವ್ವ ಇವತ್ತ ಪುಂಡಿಪಲ್ಯ ಮಾಡ್ಯಾಳ, ಡಬ್ಬ್ಯಾಗ ತಂದೇನ್ರಿ. ಉಪ್ಪು ಜಾಸ್ತಿ ಆಗೇದ. ಮೂರನೇ ಗಿಡ ಛಲೋ ಅದ. ಬಸ್ಸಿನ್ಯಾಗ ಕಂಡಕ್ಟರ ಚಿಲ್ಲರ ಇಲ್ಲಂತ ಜಗಳ ತಗದಾನ, ಹೊಳ್ಳಿ ಹೋಗುವಾಗ ಅದ ಬಸ್ ಸಿಕ್ರ ಬಿಡಂಗಿಲ್ಲ ನಾನು. ನಾಲ್ಕನೇದರ ಎಲಿನೂ ಬೆಚ್ಚಗದರಿ..."

ಕೊನೆಯ ಗಿಡ ಮುಗಿಸಿ ಬಾಗಿಲು ತೆರೆದು ಹೊರಗೆ ಬರುವವರೆಗೆ ಅವಳು ಎಲ್ಲಿಯೂ ಮಾತು ನಿಲ್ಲಿಸಲಿಲ್ಲ.